ಧರೆ ಜರಿಯುವ ಮೊದಲು: ಗುಡ್ಡದ ಬುಡದ ಊರಿಗೆ ಮಳೆಗಾಲದ ಸಿದ್ಧತೆಯ ಸಮಗ್ರ ಮಾರ್ಗದರ್ಶಿ

ಪುನರ್ವಸು, ಪುಷ್ಯ, ಆಶ್ಲೇಷ. ನಾಟಿ ಯಾವಾಗ ಮುಗಿಯಬೇಕು ಎಂದು ಲೆಕ್ಕ ಹಾಕಲು ಮಲೆನಾಡು ಬಳಸುತ್ತಿದ್ದ ಈ ಮಳೆ ನಕ್ಷತ್ರಗಳು ಈಗ ಇನ್ನೊಂದು ಲೆಕ್ಕಕ್ಕೂ ಒದಗುತ್ತಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಚಹಾದಂಗಡಿಯ ಸಮೇತ ಗಂಗಾವಳಿ ನದಿಗೆ ಇಳಿದದ್ದು ಪುನರ್ವಸುವಿನಲ್ಲಿ. ಅದೇ ತಿಂಗಳ 30ರ ನಡುರಾತ್ರಿ ಕಳೆದ ಮೇಲೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದದ್ದು ಪುಷ್ಯದಲ್ಲಿ. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಅರ್ಚಕರ ಮನೆಗಳ ಮೇಲೆ ಜರಿದದ್ದು ಆಶ್ಲೇಷದಲ್ಲಿ. 2018ರಲ್ಲಿ ಮಡಿಕೇರಿ ಸುತ್ತಲಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಗಳ ಬೆಟ್ಟಗಳು ಬಾಯಿಬಿಟ್ಟದ್ದು ಆಶ್ಲೇಷ ಮುಗಿದು ಮಘೆ ಹುಟ್ಟುವ ಹೊತ್ತಿಗೆ.

ಪ್ರತಿ ಬಾರಿಯೂ ರಕ್ಷಣಾ ಪಡೆಗಳು ಬಂದವು. ಬಂದವರು ಜೀವ ಪಣಕ್ಕಿಟ್ಟು ದುಡಿದರು. ಆದರೆ ಗುಡ್ಡ ಕುಸಿದಾಗ ಊರಿನ ರಸ್ತೆಯೂ ಅದರ ಜೊತೆಗೇ ಹೋಗಿರುತ್ತದೆ. ಮೊದಲ ಕೆಲವು ಗಂಟೆಗಳು ಪಕ್ಕದ ಮನೆಯವರ ಪಾಲಿಗೇ ಬರುತ್ತವೆ. ಆ ಗಂಟೆಗಳನ್ನು ಹೇಗೆ ಎದುರಿಸಬೇಕು ಎಂಬುದಕ್ಕಿಂತ ಹೆಚ್ಚಾಗಿ, ಅವು ಬರುವ ಮೊದಲೇ ಜಾಗ ಖಾಲಿ ಮಾಡುವುದು ಹೇಗೆ ಎಂಬುದು ಇಲ್ಲಿನ ವಿಷಯ. ಐವತ್ತು, ನೂರು ಮನೆಗಳ ಒಂದು ಊರು ಅಥವಾ ಒಂದು ವಾರ್ಡು ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಏನು ಮಾಡಬಹುದೋ ಅದನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಎಲ್ಲ ಹಂತಗಳಿಗೂ ಒಂದೇ ಸೂತ್ರ: ಮಳೆಯ ರಾತ್ರಿ ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಬಿಸಿಲಿನಲ್ಲಿ ಕುಳಿತು ತೆಗೆದುಕೊಂಡಿರಬೇಕು. ಸೂರು ಸೋರುತ್ತಿರುವಾಗ, ಕರೆಂಟು ಹೋಗಿರುವಾಗ, ಮನೆಯ ಹಿರಿಯರು "ನಮ್ಮ ಅಜ್ಜನ ಕಾಲದಿಂದ ಏನೂ ಆಗಿಲ್ಲ" ಎನ್ನುತ್ತಿರುವಾಗ ಯಾರೂ ಸರಿಯಾಗಿ ಯೋಚಿಸಲಾರರು. ನಾನಂತೂ ಯೋಚಿಸಿಲ್ಲ, ನಮ್ಮ ಮನೆಯ ಹಿಂದಿನ ಧರೆ, ಎಂದರೆ ಗುಡ್ಡ ಕಡಿದ ನೆಟ್ಟನೆಯ ಮಣ್ಣಿನ ಗೋಡೆ, ಜರಿದ ರಾತ್ರಿ ನಾನು ಮೊದಲು ಹುಡುಕಿದ್ದು ಟಾರ್ಚನ್ನೂ ಅಲ್ಲ, ಮನೆಯ ಕಾಗದಪತ್ರವನ್ನೂ ಅಲ್ಲ, ಚಪ್ಪಲಿಯನ್ನು.

ಹಂತ 1: ಫೆಬ್ರವರಿಯಲ್ಲಿ ಗುಡ್ಡ ಹತ್ತಿ

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಕೈ ಸ್ವಲ್ಪ ಬಿಡುವಾಗುವ ಹೊತ್ತು. ಕಾಡಿನ ಕೆಳಗಿಡಗಳು ಒಣಗಿ ನೆಲ ಕಾಣುತ್ತದೆ. ಏಳೆಂಟು ಜನ ಗುಂಪು ಕಟ್ಟಿಕೊಂಡು ಊರಿನ ಮೇಲಿನ ಗುಡ್ಡವನ್ನು ನೆತ್ತಿಯವರೆಗೆ ಹತ್ತಬೇಕು. ಗುಂಪಿನಲ್ಲಿ ಯಾರಿರಬೇಕು ಎಂಬುದು ಮುಖ್ಯ. ದನ ಮೇಯಿಸುವವರು, ಜೇನು ಕೀಳುವವರು, ಸೌದೆಗೆ ಹೋಗುವ ಹೆಂಗಸರು, ತೋಟದ ನೀರಿನ ಪೈಪು ಹಾಕುವವರು ಇರಲೇಬೇಕು. ಯಾವ ಒರತೆ ಯಾವಾಗ ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಪಂಚಾಯಿತಿಯ ಕಡತಕ್ಕೆ ಗೊತ್ತಿರುವುದಿಲ್ಲ.

ಮೊದಲು ನೋಡಬೇಕಾದದ್ದು ಬಿರುಕು. ಗುಡ್ಡದ ಮೇಲ್ಭಾಗದಲ್ಲಿ ಅಡ್ಡಕ್ಕೆ, ಬಿಲ್ಲಿನಂತೆ ಬಾಗಿಕೊಂಡು ಹೋಗುವ ಬಿರುಕು ಕಂಡರೆ ಕೆಳಗಿನ ಮಣ್ಣು ಹೊರಡಲು ತಯಾರಿ ನಡೆಸಿದೆ ಎಂದೇ ತಿಳಿಯಿರಿ. 2019ರಲ್ಲಿ ವಿರಾಜಪೇಟೆಯ ಅಯ್ಯಪ್ಪ ಬೆಟ್ಟದಲ್ಲಿ ಕಂಡ ಬಿರುಕುಗಳಿಂದಾಗಿಯೇ ಕೆಳಗಿನ ನಿವಾಸಿಗಳನ್ನು ಸ್ಥಳಾಂತರಿಸಲಾಯಿತು. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ಅವುಗಳ ತಲೆಯ ಮೇಲೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಅಳತೆ ತೆಗೆದು ಪುಸ್ತಕದಲ್ಲಿ ಬರೆಯಿರಿ. ಬಿರುಕಿನೊಳಗೆ ನೀರು ಇಳಿಯದಂತೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಮೆಟ್ಟಿ, ಮಳೆಗೆ ಮೊದಲು ಮೇಲೆ ಟಾರ್ಪಾಲು ಹಾಸಬೇಕು. ಇಷ್ಟರಿಂದ ಗುಡ್ಡ ನಿಲ್ಲುತ್ತದೆ ಎಂದು ಭಾವಿಸಬೇಡಿ. ಗೂಟ ಇರುವುದು ಗುಡ್ಡವನ್ನು ಹಿಡಿದಿಡಲು ಅಲ್ಲ, ಅದು ಸರಿಯುತ್ತಿದೆಯೇ ಎಂದು ಹೇಳಲು. ಇಂಥ ಬಿರುಕು ಸಿಕ್ಕಿದರೆ ತಹಸೀಲ್ದಾರರಿಗೆ ಲಿಖಿತವಾಗಿ ತಿಳಿಸಿ, ಭೂವಿಜ್ಞಾನಿಗಳಿಂದ ಪರಿಶೀಲನೆ ಮಾಡಿಸಬೇಕೆಂದು ಕೇಳಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಎರಡನೆಯದು, ಬಾಗಿದ ಮರ ಮತ್ತು ಕಂಬ. ಒಂದೇ ಮರ ಬಾಗಿದ್ದರೆ ಗಾಳಿಯ ಕೆಲಸವಿರಬಹುದು. ಒಂದು ಪಟ್ಟಿಯ ಸಿಲ್ವರ್ ಓಕ್ ಮರಗಳೆಲ್ಲ ಕೆಳಕ್ಕೆ ವಾಲಿವೆ, ಬೇಲಿ ಕಲ್ಲುಗಳೂ ಅದೇ ದಿಕ್ಕಿಗೆ ಒರಗಿವೆ ಎಂದರೆ ನೆಲ ನಿಧಾನವಾಗಿ ಜಾರುತ್ತಿದೆ.

ಮೂರನೆಯದು, ಇಳಿಜಾರಿನ ಕೋನ. ಮಕ್ಕಳ ಕಂಪಾಸ್ ಡಬ್ಬಿಯಲ್ಲಿರುವ ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ಇಳಿಬಿಡಿ. ನೇರ ಅಂಚಿನ ಗುಂಟ ಕಣ್ಣಿಟ್ಟು, ಮೇಲೆ ನಿಂತವರ ಕಣ್ಣಿನ ಮಟ್ಟವನ್ನು ನೋಡಿ. ದಾರ 90ರಿಂದ ಎಷ್ಟು ಡಿಗ್ರಿ ಸರಿದಿದೆಯೋ ಅದೇ ಇಳಿಜಾರು. 20 ಡಿಗ್ರಿ ದಾಟಿದ ಕಡೆ, ಅದರಲ್ಲೂ ಕೆಳಗೆ ಮನೆಯಿದ್ದರೆ, ನಕ್ಷೆಯಲ್ಲಿ ಗುರುತು ಹಾಕಿ. ಕರಾವಳಿಯ ಕಡೆ ಮುರಕಲ್ಲಿನ (ಜಂಬಿಟ್ಟಿಗೆ) ಅಡಿಯಲ್ಲಿ ಶೇಡಿ ಮಣ್ಣಿನ ಪದರ ಕಂಡರೆ ಇಳಿಜಾರು ಕಡಿಮೆಯಿದ್ದರೂ ನಂಬಬೇಡಿ. ಒಣಗಿದಾಗ ಕಲ್ಲಿನಂತಿರುವ ಶೇಡಿ, ನೀರು ಕುಡಿದ ಮೇಲೆ ಸಾಬೂನಿನಂತಾಗುತ್ತದೆ.

ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಹಳ್ಳದ ದಾರಿ. ಕುಸಿದ ಮಣ್ಣು ಕುಸಿದಲ್ಲೇ ನಿಲ್ಲುವುದಿಲ್ಲ. ನೀರಿನೊಂದಿಗೆ ಕೂಡಿ ಹಳ್ಳ ಹಿಡಿದು ಮೈಲುಗಟ್ಟಲೆ ಹೋಗುತ್ತದೆ. ಮುಂಡಕ್ಕೈ, ಚೂರಲ್‌ಮಲಗಳ ಜನ ಸತ್ತದ್ದು ತಾವಿದ್ದ ಗುಡ್ಡ ಕುಸಿದಲ್ಲ. ಎಷ್ಟೋ ಮೇಲೆ ಕುಸಿದದ್ದು ಹೊಳೆಯ ದಾರಿಯಲ್ಲಿ ಅವರ ಮೇಲೆ ಬಂತು. ಶಿರೂರಿನಲ್ಲಿ ನದಿಗೆ ಬಿದ್ದ ಮಣ್ಣು ಎಬ್ಬಿಸಿದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಆದ್ದರಿಂದ "ನಮ್ಮ ಮನೆಯ ಹಿಂದೆ ಗುಡ್ಡವಿಲ್ಲ" ಎನ್ನುವವರೂ ಹಳ್ಳದ ಬದಿಯಲ್ಲಿದ್ದರೆ, ಅಥವಾ ಹೊಳೆಯ ಎದುರು ದಡದಲ್ಲಿದ್ದರೆ, ಪಟ್ಟಿಗೆ ಸೇರಬೇಕು. ಹಳ್ಳದ ಪಾತ್ರದಲ್ಲಿ ಆನೆಗಾತ್ರದ ಬಂಡೆಗಳು ಗದ್ದೆಯ ನಡುವೆ ಬಿದ್ದಿವೆಯೇ ನೋಡಿ. ಅವು ಅಲ್ಲಿಗೆ ಹೇಗೆ ಬಂದವು ಎಂದು ಯಾರೂ ಕೇಳಿರುವುದಿಲ್ಲ. ಹಿಂದೆಂದೋ ಬಂದದ್ದು ಅದೇ ದಾರಿಯಲ್ಲಿ ಮತ್ತೆ ಬರಬಹುದು.

ಹಂತ 2: ಮನೆ ಎಣಿಸಿ, ತಲೆ ಎಣಿಸಿ

ಶಾಲೆಯ ಗೋಡೆಯ ಮೇಲೋ ದೊಡ್ಡ ಹಾಳೆಯ ಮೇಲೋ ಊರಿನ ನಕ್ಷೆ ಬರೆಯಿರಿ. ಅಂದ ಬೇಡ, ಹಳ್ಳ, ಮೋರಿ, ಕಾಲುಸಂಕ, ಟ್ರಾನ್ಸ್‌ಫಾರ್ಮರ್, ಬಾವಿ, ಎಲ್ಲ ಮನೆಗಳು ಇದ್ದರೆ ಸಾಕು. ಮನೆಗಳನ್ನು ಮೂರು ಬಣ್ಣದಲ್ಲಿ ಗುರುತಿಸಿ. ಬಿರುಕಿನ ಕೆಳಗೆ, ಕಡಿದಾದ ಧರೆಗೆ ಅಂಟಿಕೊಂಡು, ಇಲ್ಲವೇ ಹಳ್ಳದ ಬಾಯಲ್ಲಿ ಇರುವವು ಕೆಂಪು. ಅವುಗಳ ಆಸುಪಾಸಿನವು ಹಳದಿ. ಉಳಿದವು ಹಸಿರು. ಕೆಂಪು ಹಚ್ಚಿದಾಗ ಜಗಳ ಖಂಡಿತ. ಜಾಗದ ಬೆಲೆ ಬೀಳುತ್ತದೆ ಎನ್ನುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ ಗೂಟ ತೋರಿಸುವುದಕ್ಕಿಂತ ಒಳ್ಳೆಯ ವಾದ ನನಗೆ ಸಿಕ್ಕಿಲ್ಲ.

ಪ್ರತಿ ಮನೆಯ ಎದುರು ಎಷ್ಟು ಜನ, ಅವರಲ್ಲಿ ಹಾಸಿಗೆ ಹಿಡಿದವರು, ಗರ್ಭಿಣಿಯರು, ಹಸುಗೂಸುಗಳು, ಕಣ್ಣು ಕಾಣದವರು, ಕಿವಿ ಕೇಳದವರು ಎಷ್ಟು ಎಂದು ಬರೆಯಿರಿ. ಆಶಾ ಕಾರ್ಯಕರ್ತೆಯ ಹತ್ತಿರ ಈ ಪಟ್ಟಿಯ ಮುಕ್ಕಾಲು ಪಾಲು ಆಗಲೇ ಇರುತ್ತದೆ, ಆಕೆಯನ್ನು ಮೊದಲ ಸಭೆಗೇ ಕರೆಯಿರಿ.

ಲೈನ್‌ಮನೆಗಳನ್ನು ಎಣಿಸದೆ ಪಟ್ಟಿ ಮುಗಿಸಬೇಡಿ. ಕಾಫಿ ತೋಟಗಳ ಕಾರ್ಮಿಕರು ಇರುವ ಈ ಸಾಲುಮನೆಗಳು ಬಹುಪಾಲು ಮಾಲೀಕರಿಗೆ ಬೇಡವಾದ ಜಾಗದಲ್ಲಿ, ಎಂದರೆ ಧರೆಯ ಕೆಳಗೋ ಹಳ್ಳದ ಪಕ್ಕದಲ್ಲೋ ಇರುತ್ತವೆ. ಅಸ್ಸಾಮಿನಿಂದ, ಬಂಗಾಳದಿಂದ ಬಂದವರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ, ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲೂ ಇರುವುದಿಲ್ಲ. ಹೋಂಸ್ಟೇಗಳ ಅತಿಥಿಗಳದ್ದೂ ಅದೇ ಕಥೆ. ಮಣ್ಣಿನಡಿ ಎಷ್ಟು ಜನ ಇದ್ದಾರೆ ಎಂದು ರಕ್ಷಣೆಗೆ ಬಂದವರು ಕೇಳಿದಾಗ ಉತ್ತರ ಗೊತ್ತಿರದೆ ಹೋಗುವುದಕ್ಕಿಂತ ದೊಡ್ಡ ನಾಚಿಕೆ ಊರಿಗೆ ಇಲ್ಲ. ತೋಟದ ಮಾಲೀಕರು, ಹೋಂಸ್ಟೇ ನಡೆಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸಂಜೆ ತಮ್ಮಲ್ಲಿರುವ ತಲೆಯೆಣಿಕೆಯನ್ನು ಒಬ್ಬರಿಗೆ ತಿಳಿಸುವ ರೂಢಿ ಹಾಕಿಕೊಳ್ಳಲಿ. ಒಂದು ಸಂದೇಶ ಸಾಕು.

ಹಂತ 3: ಮಾರ್ಚ್‌ನಿಂದ ಮೇವರೆಗೆ ನೀರಿಗೆ ದಾರಿ ಬಿಡಿ

ಗುಡ್ಡ ಕುಸಿಯುವುದು ಮಣ್ಣಿನ ಭಾರದಿಂದ ಮಾತ್ರವಲ್ಲ, ಅದರೊಳಗೆ ಸಿಕ್ಕಿಬಿದ್ದ ನೀರಿನ ಒತ್ತಡದಿಂದ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಒಂದು ಎಕರೆ ಸುಮಾರು 4,047 ಚದರ ಮೀಟರ್. ಒಂದೇ ದಿನ 200 ಮಿಲಿಮೀಟರ್ ಸುರಿದರೆ ನಿಮ್ಮ ಒಂದು ಎಕರೆ ತೋಟದ ಮೇಲೆ ಬಿದ್ದದ್ದು ಎಂಟು ಲಕ್ಷ ಲೀಟರಿಗೂ ಹೆಚ್ಚು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಬತ್ತು ಟ್ಯಾಂಕರ್. ಅಷ್ಟೂ ನೀರು ಎಲ್ಲಿಂದ ಹೋಗಬೇಕು ಎಂದು ಯಾರಾದರೂ ಗೊತ್ತುಮಾಡಿದ್ದಾರೆಯೇ?

ಗೊತ್ತುಮಾಡಿದ್ದವರು ನಮ್ಮ ಹಿರಿಯರು. ತೋಟದ ಮೇಲಂಚಿನಲ್ಲಿ ಅಗಳು (ಕಂದಕ), ಒಳಗೆ ಬಸಿಗಾಲುವೆ, ಅದು ತೋಡಿಗೆ, ತೋಡು ಹಳ್ಳಕ್ಕೆ. ಬಸಿಗಾಲುವೆ ಎತ್ತುವುದು ಮುಂಗಾರಿಗೆ ಮೊದಲಿನ ಕಡ್ಡಾಯ ಕೆಲಸವಾಗಿತ್ತು. ಆಳು ಸಿಗದೆ, ಕೂಲಿ ಗಿಟ್ಟದೆ ಅದು ನಿಂತಿದೆ. ಈಗ ಮಾಡಬೇಕಾದದ್ದು ಇಷ್ಟು. ಮನೆಯ ಹಿಂದಿನ ಧರೆಯ ಮೇಲಂಚಿನಿಂದ ಕೆಲವು ಅಡಿ ಹಿಂದೆ ಸರಿದು, ಮೇಲಿನ ನೀರು ಧರೆಯ ಮುಖಕ್ಕೆ ಇಳಿಯದಂತೆ ಅಡ್ಡಕಾಲುವೆ ತೆಗೆಯಿರಿ. ಅದರ ತಳಕ್ಕೆ ಕಲ್ಲು ಹಾಸಿ ಅಥವಾ ಸಿಮೆಂಟು ಮೆತ್ತಿ, ಬರಿಯ ಮಣ್ಣಿನ ಕಾಲುವೆಯಾದರೆ ಅದೇ ನೀರು ಕುಡಿಸಿ ಧರೆಯನ್ನು ಬೀಳಿಸುತ್ತದೆ. ಕಾಲುವೆಯ ಕೊನೆ ನೆರೆಮನೆಯ ಅಂಗಳವಾಗದಿರಲಿ. ಅರ್ಧ ಜಗಳಗಳು ಹುಟ್ಟುವುದೇ ಅಲ್ಲಿ. ಆದ್ದರಿಂದ ಒಂದೊಂದು ಮನೆಗೆ ಬೇರೆ ಬೇರೆ ಮಾಡದೆ ಒಂದು ಸಾಲಿನ ಎಲ್ಲ ಮನೆಗಳಿಗೆ ಒಟ್ಟಾಗಿ ಯೋಜಿಸಿ. ಚರಂಡಿ, ಮೋರಿ, ತೋಡಿನ ಹೂಳೆತ್ತುವ ಕೆಲಸಕ್ಕೆ ಉದ್ಯೋಗ ಖಾತರಿಯಲ್ಲಿ ಅವಕಾಶವಿದೆಯೇ ಎಂದು ಪಿಡಿಒ ಅವರನ್ನು ಕೇಳಿ, ಗ್ರಾಮಸಭೆಯಲ್ಲೇ ಪಟ್ಟಿಗೆ ಸೇರಿಸಿ.

ಒಂದು ಮಾತು ಕೆಲವರಿಗೆ ರುಚಿಸದು. ಇಂಗುಗುಂಡಿ ಒಳ್ಳೆಯದು, ಆದರೆ ಎಲ್ಲ ಕಡೆ ಅಲ್ಲ. ಬಯಲುಸೀಮೆಯಲ್ಲಿ ಪುಣ್ಯವಾದದ್ದು, ಮನೆಯ ಮೇಲಿನ ಕಡಿದಾದ ಗುಡ್ಡದಲ್ಲಿ ಪಾಪವಾಗಬಹುದು. ಅಂಥಲ್ಲಿ ತೋಡಿದ ಗುಂಡಿ, ಕಂದಕ, ಕೆರೆ ಎಲ್ಲವೂ ಮಣ್ಣಿನ ಹೊಟ್ಟೆಗೆ ನೀರು ತುಂಬಿಸುವ ಆಲಿಕೆಗಳು. ನೀರಿಂಗಿಸುವ ಉತ್ಸಾಹವನ್ನು ಕೆಳಗಿನ ಸಪಾಟು ಜಾಗಕ್ಕೆ ಮೀಸಲಿಡಿ. ಅಂತೆಯೇ ಮನೆಯ ಬಚ್ಚಲಿನ ನೀರನ್ನು, ಶೌಚದ ಗುಂಡಿಯನ್ನು ಇಳಿಜಾರಿನ ಅಂಚಿಗೆ ಬಿಡಬೇಡಿ.

ಜೆಸಿಬಿಯ ವಿಷಯ. ಕೊಡಗಿನ 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು, ಅತಿಮಳೆಯ ಜೊತೆಗೆ ರಸ್ತೆ, ಮನೆ, ಕಟ್ಟಡಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನೂ ಬೊಟ್ಟು ಮಾಡಿತ್ತು. ಕೈಯಲ್ಲಿ ಪಿಕಾಸಿ ಹಿಡಿದು ತಿಂಗಳುಗಟ್ಟಲೆ ಆಗುತ್ತಿದ್ದ ಕೆಲಸವನ್ನು ಯಂತ್ರ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಬಿಲ್ಲು ಗಂಟೆಯ ಲೆಕ್ಕದಲ್ಲಿ ಆಗುವುದರಿಂದ ನೆಟ್ಟಗೆ ಕಡಿದರೆ ಅಗ್ಗ, ಮೆಟ್ಟಿಲುಮೆಟ್ಟಿಲಾಗಿ ಕಡಿದರೆ ದುಬಾರಿ. ಕಡಿಯಲೇಬೇಕಾದರೆ ಮೆಟ್ಟಿಲಾಗಿಯೇ ಕಡಿಸಿ. ತೆಗೆದ ಮಣ್ಣನ್ನು ಕೆಳಗಿನ ಇಳಿಜಾರಿಗೆ ಸುರಿಯಬೇಡಿ, ಸಡಿಲ ಮಣ್ಣು ಮೊದಲ ಮಳೆಗೇ ಹೊರಡುತ್ತದೆ. ಏಪ್ರಿಲ್ ನಂತರ ಹೊಸ ಧರೆ ಕಡಿಯುವುದಿಲ್ಲ ಎಂದು ಊರೇ ತೀರ್ಮಾನ ಮಾಡಿಕೊಳ್ಳಲಿ.

ತಡೆಗೋಡೆ ಕಟ್ಟುವವರು ನೀರು ಬಸಿಯುವ ತೂತುಗಳನ್ನು ಬಿಡಿಸಿ, ಗೋಡೆಯ ಹಿಂದೆ ಜಲ್ಲಿ ತುಂಬಿಸಿ. ತೂತಿಲ್ಲದ ಕಾಂಕ್ರೀಟ್ ಗೋಡೆ ಅಣೆಕಟ್ಟು ಆಗುತ್ತದೆ, ಅದೂ ಅಣೆಕಟ್ಟಿನ ಗಟ್ಟಿತನವಿಲ್ಲದ ಅಣೆಕಟ್ಟು. ಚಿಕ್ಕ ಧರೆಗಳ ಮುಖಕ್ಕೆ ಲಾವಂಚ ನೆಡಿ. ಅದರ ಬೇರು ಮೂರು ನಾಲ್ಕು ಮೀಟರ್ ಆಳಕ್ಕೆ ನೇರ ಇಳಿಯುತ್ತದೆ. ಈ ವರ್ಷ ನೆಟ್ಟದ್ದು ಈ ವರ್ಷವೇ ಕಾಯುವುದಿಲ್ಲ, ಇನ್ನೆರಡು ಮಳೆಗಾಲ ಕಾಯಬೇಕು. ಬೆಟ್ಟವೇ ಹೊರಟರೆ ಲಾವಂಚವೂ ಅದರ ಜೊತೆಯಲ್ಲೇ ಹೊರಡುತ್ತದೆ.

ಹಂತ 4: ಮಳೆಯನ್ನು ನೀವೇ ಅಳೆಯಿರಿ

ನನ್ನ ಪ್ರಕಾರ ಈ ಇಡೀ ಮಾರ್ಗದರ್ಶಿಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಕೆಲಸ ಇದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ವರುಣಮಿತ್ರ ಸಹಾಯವಾಣಿಯ ಮೂಲಕ ಮಾಹಿತಿ ಕೊಡುತ್ತದೆ. ಅದನ್ನು ಬಳಸಿ. ಆದರೆ ಘಟ್ಟದಲ್ಲಿ ಗುಡ್ಡದ ಈಚೆ ಮಗ್ಗುಲಿಗೂ ಆಚೆ ಮಗ್ಗುಲಿಗೂ ಮಳೆಯಲ್ಲಿ ಅಜಗಜಾಂತರ. ಪಂಚಾಯಿತಿ ಕಚೇರಿಯ ಬಳಿಯ ಮಾಪಕ ನಿಮ್ಮ ನೆತ್ತಿಯ ಮಳೆಯನ್ನು ಹೇಳಬೇಕೆಂದೇನೂ ಇಲ್ಲ. ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯಾದ್ಯಂತ ರೈತರಿಂದಲೂ ತೋಟಗಳಿಂದಲೂ ಮಳೆ ಅಳೆಸುತ್ತದೆ. ಆ ಲೆಕ್ಕದ ಆಧಾರದ ಮೇಲೆ ಮುಂಡಕ್ಕೈ ಕಡೆಯ ಅಪಾಯದ ಬಗ್ಗೆ ದುರಂತದ ಹಿಂದಿನ ದಿನವೇ ಎಚ್ಚರಿಸಿತ್ತು. ಮಳೆ ಲೆಕ್ಕವಿತ್ತು. ಆ ಲೆಕ್ಕ ನಡೆದುಹೋಗುವ ಕಾಲುಗಳಾಗಿ ಬದಲಾಗಲಿಲ್ಲ.

ಉಪಕರಣಕ್ಕೆ ತಳ ಸಪಾಟಾದ, ಗೋಡೆ ನೆಟ್ಟಗಿರುವ, ಒಂದಡಿಗೂ ಎತ್ತರದ ಡಬ್ಬಿ ಸಾಕು. ಬಕೆಟ್ ಆಗದು, ಅದರ ಬಾಯಿ ಅಗಲ, ತಳ ಕಿರಿದು, ಅಳತೆ ತಪ್ಪುತ್ತದೆ. ಡಬ್ಬಿಯನ್ನು ಬಯಲಿನಲ್ಲಿ, ಹತ್ತಿರದ ಮರ ಅಥವಾ ಮಾಡಿನ ಎತ್ತರದ ಎರಡರಷ್ಟು ದೂರದಲ್ಲಿ, ಮಟ್ಟವಾಗಿ ಕೂರಿಸಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಿ. ಹವಾಮಾನ ಇಲಾಖೆಯ ದಿನವೂ ಎಂಟೂವರೆಯಿಂದ ಎಂಟೂವರೆಗೇ. ನೀರಿನ ಎತ್ತರ ಎಷ್ಟು ಮಿಲಿಮೀಟರೋ ಅಷ್ಟೇ ಮಳೆ. ಬರೆದು, ಚೆಲ್ಲಿ, ಮತ್ತೆ ಇಡಿ. ಜಡಿಮಳೆಯ ದಿನಗಳಲ್ಲಿ ಮೂರು ಗಂಟೆಗೊಮ್ಮೆ ಓದಬೇಕು. ಊರಿನ ಮೇಲೆ, ನಡುವೆ, ಕೆಳಗೆ ಒಂದೊಂದರಂತೆ ಮೂರು ಡಬ್ಬಿ ಇಟ್ಟರೆ ಇನ್ನೂ ಒಳ್ಳೆಯದು. ಅಳೆಯುವ ಕೆಲಸ ಶಾಲಾಮಕ್ಕಳಿಗೆ ಬಹಳ ಇಷ್ಟ, ಆದರೆ ರಾತ್ರಿಯ ಪಾಳಿ ದೊಡ್ಡವರದ್ದು.

ಹವಾಮಾನ ಇಲಾಖೆಯ ಭಾಷೆ ತಿಳಿದಿರಲಿ. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದನ್ನು ಮೀರಿದರೆ ಅತ್ಯಂತ ಭಾರಿ. ಹಳದಿ ಎಂದರೆ ಗಮನಿಸಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೆಲಸಕ್ಕಿಳಿಯಿರಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಮೊಬೈಲ್‌ನಲ್ಲಿದ್ದರೆ ಮುನ್ನೆಚ್ಚರಿಕೆ ನೇರವಾಗಿ ಬರುತ್ತದೆ.

ಈಗ ಎಷ್ಟು ಮಳೆಯಾದರೆ ಮನೆ ಬಿಟ್ಟು ಹೊರಡಬೇಕು ಎಂಬ ಊರಿನ ಮಿತಿಯನ್ನು ನಿಗದಿಪಡಿಸಿ. ಒಂದು ದಿನದ ಅಂಕಿಯನ್ನಷ್ಟೇ ನೋಡಬಾರದು. ಒಣ ನೆಲದ ಮೇಲೆ ಬಿದ್ದ 150 ಮಿಲಿಮೀಟರ್ ಬೇರೆ, ಹತ್ತು ದಿನ ನೆನೆದ ನೆಲದ ಮೇಲೆ ಬಿದ್ದ 150 ಬೇರೆ. ಆದ್ದರಿಂದ ಪುಸ್ತಕದಲ್ಲಿ ಎರಡು ಸಾಲು ಇರಲಿ: ಇಂದಿನ ಮಳೆ, ಕಳೆದ ಮೂರು ದಿನಗಳ ಮೊತ್ತ. ಆಗುಂಬೆಯ ಗುಡ್ಡಗಳು ಪ್ರತಿ ಆಷಾಢದಲ್ಲೂ ಅರಗಿಸಿಕೊಳ್ಳುವ ಮಳೆ, ಘಟ್ಟದ ಪೂರ್ವದ ಊರಿಗೆ ಕಂಡು ಕೇಳದ ಮಳೆ. ಹೀಗಾಗಿ ಎಲ್ಲರಿಗೂ ಹೊಂದುವ ಒಂದು ಸಂಖ್ಯೆಯನ್ನು ನಾನು ಕೊಡಲಾರೆ. ಹಿಂದಿನ ವರ್ಷಗಳಲ್ಲಿ ನಿಮ್ಮಲ್ಲಿ ಧರೆ ಜರಿದ ದಿನಗಳ ಮಳೆ ಎಷ್ಟಿತ್ತು ಎಂದು ಹುಡುಕಿ. ಹಲವು ಕಾಫಿ ತೋಟಗಳಲ್ಲಿ ದಶಕಗಳ ಮಳೆ ದಾಖಲೆ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಅದಕ್ಕಿಂತ ಸಾಕಷ್ಟು ಕಡಿಮೆಯ ಅಂಕಿಯನ್ನು ಕೆಂಪು ಮನೆಗಳ ಮಿತಿಯಾಗಿಸಿ. ದಾಖಲೆಯೇ ಇಲ್ಲದಿದ್ದರೆ, ಮೂರು ದಿನ ಬಿಡದೆ ಭಾರಿ ಮಳೆಯಾಗಿ, ನಾಲ್ಕನೆಯ ದಿನದ್ದು ಅತಿ ಭಾರಿಯ ಗೆರೆ ಮುಟ್ಟಿದ ಕ್ಷಣ ಕೆಂಪು ಮನೆಗಳು ಖಾಲಿಯಾಗುವುದು ಒಂದು ಆರಂಭ. ಇದು ವಿಜ್ಞಾನಿಗಳ ಮಿತಿಯಲ್ಲ, ಊರಿನ ಒಪ್ಪಂದ. ಆಡಳಿತವು ಅದಕ್ಕಿಂತ ಮೊದಲೇ ಹೊರಡಿ ಎಂದರೆ ಮೊದಲೇ ಹೊರಡಬೇಕು.

ಹಂತ 5: ಸುದ್ದಿ ಮುಟ್ಟಿಸುವ ದಾರಿ

ಕರೆಂಟು ಹೋಗಿ, ಕೆಲವು ಗಂಟೆಗಳಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದ ಮೇಲೆ ಏನು? ಆ ಪ್ರಶ್ನೆಯಿಂದಲೇ ಶುರುಮಾಡಿ. ಸದ್ದಿನ ಭಾಷೆ ನಮ್ಮ ಊರುಗಳಿಗೆ ಹೊಸದಲ್ಲ. ಕೊಡವರಲ್ಲಿ ಸಾವಿನ ಸುದ್ದಿಯನ್ನು ಎರಡು ಗುಂಡು ಹಾರಿಸಿ ತಿಳಿಸುವ ಪದ್ಧತಿಯಿದೆ. ಕೇಳಿದವರು ಕೈಯ ಕೆಲಸ ಬಿಟ್ಟು ಬರುತ್ತಾರೆ. ನಿಮ್ಮ ಊರಿನಲ್ಲಿ ದೇವಸ್ಥಾನದ ಗಂಟೆಯೋ, ಜಾಗಟೆಯೋ, ಬ್ಯಾಟರಿಯಿಂದ ನಡೆಯುವ ಮಸೀದಿಯ ಮೈಕೋ, ಚರ್ಚಿನ ಗಂಟೆಯೋ ಇದ್ದರೆ ಅದನ್ನು ಬಳಸಿ. ಆದರೆ ಪೂಜೆಯ ಗಂಟೆ ಬೇರೆ, ಹೊರಡುವ ಗಂಟೆ ಬೇರೆ ಎಂದು ಕಿವಿಗೆ ತಿಳಿಯಬೇಕು: ನಿಲ್ಲಿಸದೆ ಐದು ನಿಮಿಷ ಬಾರಿಸುವುದು ಸರಳ ಒಪ್ಪಂದ. ಜೋರು ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಯಾವ ಗಂಟೆಯೂ ಕೇಳಿಸುವುದಿಲ್ಲ. ಹಾಗಾಗಿ ಕೆಂಪು ಮನೆಗಳ ಪ್ರತಿ ಐದಕ್ಕೆ ಒಬ್ಬರಂತೆ, ಬಾಗಿಲು ತಟ್ಟುವವರನ್ನು ಹೆಸರು ಹಿಡಿದು ನೇಮಿಸಿ. ಅವರು ಊರಲ್ಲಿಲ್ಲದಿದ್ದರೆ ಯಾರು ಎಂಬುದನ್ನೂ ಬರೆಯಿರಿ. ಲೈನ್‌ಮನೆಗಳಿಗೆ ಅವರ ಭಾಷೆ ಬಲ್ಲವರು ಅಥವಾ ಅವರಲ್ಲೇ ಒಬ್ಬರು ಇರಬೇಕು.

ಫೋನು ಇರುವಷ್ಟು ಹೊತ್ತು ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108. ಹೇಳುವಾಗ ಊರು, ಹತ್ತಿರದ ಮೋರಿ ಅಥವಾ ಬಸ್ ನಿಲ್ದಾಣ, ಎಷ್ಟು ಮನೆ, ಯಾವ ಕಡೆಯ ರಸ್ತೆ ತೆರೆದಿದೆ ಎಂಬುದನ್ನು ಹೇಳಿ. ಯಾವ ಕಡೆಯಿಂದ ಬರಬೇಕು ಎಂದು ತಿಳಿಯದೆ ವಾಹನ ಕುಸಿದ ರಸ್ತೆಯ ಆಚೆ ತುದಿಗೆ ಬಂದು ನಿಲ್ಲುವುದು ನಾನು ಕಣ್ಣಾರೆ ಕಂಡದ್ದು.

ಹಂತ 6: ಎಲ್ಲಿಗೆ, ಹೇಗೆ, ಏನು ಹೊತ್ತುಕೊಂಡು

ಸರ್ಕಾರ ತೆರೆಯುವ ಕಾಳಜಿ ಕೇಂದ್ರ ಯಾವುದು ಎಂದು ಮೇ ತಿಂಗಳಲ್ಲೇ ಕೇಳಿ ತಿಳಿದುಕೊಳ್ಳಿ, ಹೋಗಿ ನೋಡಿ. ಶಾಲೆ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ. ಎಷ್ಟೋ ಶಾಲೆಗಳೇ ಗುಡ್ಡ ಕಡಿದು ಮಾಡಿದ ಮೈದಾನದ ಅಂಚಿನಲ್ಲಿವೆ. ಅಲ್ಲಿಗೆ ಹೋಗುವ ದಾರಿ ಹಳ್ಳ ದಾಟುತ್ತದೆಯೇ? ದಾಟುತ್ತದೆ ಎಂದಾದರೆ ಹಳ್ಳ ಏರಿದ ಮೇಲೆ ಆ ಕೇಂದ್ರ ನಿಮಗೆ ಇಲ್ಲ. ಹಳ್ಳದ ಈಚೆಗೇ ಹಸಿರು ಮನೆಗಳಲ್ಲಿ ಎರಡನೆಯ ವ್ಯವಸ್ಥೆ ಇರಲಿ. ಇಂಥ ಕೆಂಪು ಮನೆ ಇಂಥ ಹಸಿರು ಮನೆಗೆ ಎಂದು ಜೋಡಿ ಹಾಕಿ. ನೆಂಟರ ಮನೆಗೆ ಹೋದಂತೆ ಹೋಗುವುದಾದರೆ ಜನ ಬೇಗ ಒಪ್ಪುತ್ತಾರೆ, ಕೇಂದ್ರದ ಜಮಖಾನೆಯ ಮೇಲೆ ಮಲಗಲು ಹಿಂಜರಿಯುವ ಹಿರಿಯರೂ ಹೊರಡುತ್ತಾರೆ.

ಜನ ಹೊರಡದಿರಲು ಮೂರು ಕಾರಣಗಳು: ದನ, ಕಳ್ಳರು, ಮರ್ಯಾದೆ. ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹೊರಡಬೇಡಿ. ಮುಂಚಿತವಾಗಿ ಎತ್ತರದ ಸಪಾಟು ಜಾಗಕ್ಕೆ ಸಾಗಿಸಿ, ಸಮಯವಿಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡಿ, ಅವುಗಳ ಕಾಲು ಅವುಗಳನ್ನು ಕಾಯುತ್ತದೆ. ಕಳ್ಳರ ಭಯಕ್ಕೆ ಹಗಲು ಹೊತ್ತು ಇಬ್ಬಿಬ್ಬರಂತೆ ಪಾಳಿಯಲ್ಲಿ ದೂರದಿಂದ ಕಾವಲು. ರಾತ್ರಿ ಯಾರೂ ಹೋಗಕೂಡದು. ಮೂರನೆಯದು ಕಷ್ಟ. ಹೊರಟ ರಾತ್ರಿ ಏನೂ ಆಗದಿದ್ದರೆ ಊರು ನಗುತ್ತದೆ. ನಾಲ್ಕು ಸಲ ಹೊರಟು ನಾಲ್ಕು ಸಲವೂ ಏನೂ ಆಗದಿರುವುದು ಈ ವ್ಯವಸ್ಥೆ ಸರಿಯಾಗಿ ನಡೆಯುತ್ತಿರುವ ಲಕ್ಷಣ ಎಂದು ಮೊದಲ ಸಭೆಯಲ್ಲೇ, ಊರಿನ ಗೌರವಸ್ಥರ ಬಾಯಿಂದಲೇ ಹೇಳಿಸಬೇಕು. ಮೊದಲ ಸಲ ಅವರೇ ಮುಂದಾಗಿ ಹೊರಟರಂತೂ ಉಳಿದವರನ್ನು ಕರೆಯುವುದು ಬೇಡ.

ಚೀಲ ಒಂದೇ ಇರಲಿ, ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿರಲಿ. ಪ್ಲಾಸ್ಟಿಕ್ ಲಕೋಟೆಯಲ್ಲಿ ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪುಸ್ತಕ. ಹದಿನೈದು ದಿನದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ. ಟಾರ್ಚು, ಸೀಟಿ, ಹಗ್ಗ, ಅವಲಕ್ಕಿ, ಬೆಲ್ಲ, ನೀರು, ಮಕ್ಕಳ ಬಟ್ಟೆ, ಮುಟ್ಟಿನ ಬಟ್ಟೆ. ಚಪ್ಪಲಿಯನ್ನು ಚೀಲದ ಕೆಳಗೇ ಇಡಿ, ನನ್ನ ಅನುಭವದ ಮಾತು.

ಮೇ ಕೊನೆಯ ವಾರ ಒಮ್ಮೆ ಅಭ್ಯಾಸ ಮಾಡಿ. ಹಗಲಿನಲ್ಲಿ ಅಲ್ಲ, ರಾತ್ರಿ ಎಂಟರ ಮೇಲೆ, ದೀಪ ಆರಿಸಿ. ಹಾಸಿಗೆ ಹಿಡಿದವರನ್ನು ಎರಡು ಬಿದಿರು ಗಳಕ್ಕೆ ಕಂಬಳಿ ಸುತ್ತಿ ಹೊತ್ತು ನಿಜವಾಗಿ ನಡೆಯಿರಿ. ಎಷ್ಟು ನಿಮಿಷ ಹಿಡಿಯಿತು ಎಂದು ಬರೆಯಿರಿ. ಹಗಲಿನಲ್ಲಿ ಹತ್ತು ನಿಮಿಷದ ದಾರಿ ಕತ್ತಲಲ್ಲಿ ಎಷ್ಟಾಗುತ್ತದೆ ಎಂಬುದು ಅಂದೇ ತಿಳಿಯುವುದು.

ಹಂತ 7: ಆ ರಾತ್ರಿ

ಕತ್ತಲಾಗುವ ಮೊದಲೇ ಹೊರಡುವುದು ಸರಿ. ಸಂಜೆ ನಾಲ್ಕಕ್ಕೆ ಮಳೆ ಮಿತಿಯ ಹತ್ತಿರ ಬಂದಿದ್ದರೆ ಮುಟ್ಟುವವರೆಗೆ ಕಾಯಬೇಡಿ.

ಉಳಿದವರು ಕಿವಿ, ಕಣ್ಣು ತೆರೆದಿಟ್ಟಿರಬೇಕಾದ ಲಕ್ಷಣಗಳು ಇವು. ಮಳೆ ಸುರಿಯುತ್ತಲೇ ಇದೆ, ಆದರೆ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿಯಿತು: ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ, ಒಡೆದರೆ ಎಲ್ಲ ಒಟ್ಟಿಗೇ ಬರುತ್ತದೆ. ಒಂದು ನಿಮಿಷವೂ ನಿಲ್ಲಬೇಡಿ. ತಿಳಿಯಾಗಿದ್ದ ಒರತೆ ಕೆಂಪಾಯಿತು, ಇಲ್ಲದ ಕಡೆ ಹೊಸ ಒರತೆ ಚಿಮ್ಮಿತು, ಅಥವಾ ಬಾವಿ ರಾಡಿಯಾಯಿತು. ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಬಿಗಿಯಾಯಿತು, ನೆಲದಲ್ಲಿ ಬಿರುಕು ಬಿಟ್ಟಿತು. ಬೇರು ಹರಿಯುವ ಲಟಲಟ ಸದ್ದು, ಬಂಡೆ ಉರುಳುವ ಗುಡುಗು, ಹಸಿ ಮಣ್ಣಿನ ಗಾಢ ವಾಸನೆ.

ಓಡಬೇಕಾದರೆ ಹಳ್ಳದ ಗುಂಟ ಕೆಳಕ್ಕೆ ಓಡಬೇಡಿ, ಕೆಸರಿನ ಪ್ರವಾಹ ನಿಮಗಿಂತ ವೇಗ. ಅದರ ದಾರಿಗೆ ಅಡ್ಡವಾಗಿ, ಪಕ್ಕದ ದಿಣ್ಣೆಯ ಕಡೆಗೆ ಹತ್ತಿ. ಹೊರಬರಲು ಆಗದೆ ಹೋದರೆ ಗುಡ್ಡಕ್ಕೆ ಬೆನ್ನು ಮಾಡಿದ ಕೋಣೆಗಳನ್ನು ಬಿಟ್ಟು ಎದುರು ಭಾಗಕ್ಕೆ, ಮಹಡಿಯಿದ್ದರೆ ಮಹಡಿಗೆ ಹೋಗಿ. ಮಳೆಗಾಲ ಪೂರ್ತಿ ಧರೆಯ ಬದಿಯ ಕೋಣೆಯಲ್ಲಿ ಯಾರೂ ಮಲಗದಿರುವುದು ಕಾಸಿಲ್ಲದ ಮುನ್ನೆಚ್ಚರಿಕೆ.

ಹಂತ 8: ಬೆಳಗಾದ ಮೇಲೆ

ಮೊದಲ ಕೆಲಸ ಪಟ್ಟಿ ಹಿಡಿದು ತಲೆಯೆಣಿಕೆ. ಯಾರು ಎಲ್ಲಿದ್ದಾರೆ ಎಂದು ಖಚಿತವಾದರೆ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ಒಮ್ಮೆ ಕುಸಿದ ಜಾಗ ಮತ್ತೆ ಕುಸಿಯುತ್ತದೆ. ನೋಡಲು ಬರುವವರನ್ನು, ಮೊಬೈಲ್ ಹಿಡಿದು ವಿಡಿಯೊ ಮಾಡುವವರನ್ನು ಹಗ್ಗ ಕಟ್ಟಿ ದೂರವಿಡಿ. ಮಣ್ಣಿನಡಿಯಿಂದ ದನಿ ಕೇಳಿದರೆ ಊರವರೇ ಕೈ ಹಾಕುತ್ತಾರೆ, ಹಾಕಲೂಬೇಕಾದೀತು. ಆಗ ಒಬ್ಬರು ಮಾತ್ರ ಮೇಲಿನ ಗುಡ್ಡವನ್ನೇ ನೋಡುತ್ತ ಸೀಟಿ ಹಿಡಿದು ನಿಂತಿರಲಿ.

ಬಾವಿಯ ನೀರನ್ನು ಕುದಿಸದೆ ಕುಡಿಯಬೇಡಿ. ರಾಡಿ ತುಂಬಿದ ಬಾವಿಯನ್ನು ಮೊದಲು ಎತ್ತಿ ಖಾಲಿ ಮಾಡಿ, ತಿಳಿ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು. ಸಾಧಾರಣ ಲೆಕ್ಕ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎಷ್ಟು ಹೆಚ್ಚಿಸಬೇಕೆಂದು ಆರೋಗ್ಯ ಕಾರ್ಯಕರ್ತರನ್ನು ಕೇಳಿ. ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು ಬಂದರೆ ಇಲಿಜ್ವರದ ಶಂಕೆಯಿಂದ ಅಂದೇ ಆಸ್ಪತ್ರೆಗೆ ಕಳಿಸಿ.

ಪರಿಹಾರದ ದಾರಿ ಉದ್ದ. ಮಣ್ಣು ತೆಗೆಯುವ ಮೊದಲೇ ಮನೆ, ತೋಟ, ಕೊಟ್ಟಿಗೆಯ ಚಿತ್ರ ತೆಗೆದಿಡಿ. ಗ್ರಾಮ ಆಡಳಿತಾಧಿಕಾರಿ ಮತ್ತು ಎಂಜಿನಿಯರ್ ಬಂದು ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಆ ಒಂದು ಅಕ್ಷರದ ಮೇಲೆ ಸಿಗುವ ಹಣ ನಿಂತಿರುವುದರಿಂದ ಮನೆಯವರು ಖುದ್ದಾಗಿ ಇದ್ದು ಎಲ್ಲ ಗೋಡೆಗಳನ್ನೂ ತೋರಿಸಬೇಕು. ಜೀವಹಾನಿಗೆ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಂತೆ 4 ಲಕ್ಷ ರೂಪಾಯಿ. ಸತ್ತ ದನಕ್ಕೆ ಪಶುವೈದ್ಯರ ವರದಿ ಮಾಡಿಸದೆ ಹೂಳಬೇಡಿ. ಲೈನ್‌ಮನೆಯವರಿಗೆ ಪಹಣಿ ಇಲ್ಲ, ಮನೆಯ ಖಾತೆ ಇಲ್ಲ. ಅವರು ಅಲ್ಲಿ ವಾಸವಿದ್ದರು ಎಂಬುದಕ್ಕೆ ನೀವು ಹಂತ 2ರಲ್ಲಿ ಬರೆದ ಪಟ್ಟಿ, ಪಂಚಾಯಿತಿಯ ಮುದ್ರೆ ಬಿದ್ದಿದ್ದರೆ, ಆಗ ಬಹಳ ನೆರವಾಗುತ್ತದೆ. ಪಟ್ಟಿಯ ಒಂದು ಪ್ರತಿಯನ್ನು ಮೇ ತಿಂಗಳಲ್ಲೇ ಪಂಚಾಯಿತಿಗೆ ಸಲ್ಲಿಸಿ. ಮೇಲೆ ಹೇಳಲು ಮರೆತಿದ್ದೆ.

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಮತ್ತೆ ಗೂಟಗಳ ಬಳಿಗೆ ಹೋಗಿ. ಮೊಳೆಯಿಂದ ಮೊಳೆಗೆ ಅಳೆಯಿರಿ. ಫೆಬ್ರವರಿಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಬರೆಯಿರಿ. ಹೆಚ್ಚಾಗಿದ್ದರೆ ಹಳದಿ ಮನೆಗಳಲ್ಲಿ ಯಾವುದು ಕೆಂಪಾಗಬೇಕು ಎಂದು ಅಲ್ಲೇ ನಿಂತು ನೋಡಿ, ನಕ್ಷೆ ತಿದ್ದಿ. ಮದುವೆಯಾಗಿ ಬಂದವರು, ಹುಟ್ಟಿದವರು, ತೋಟಕ್ಕೆ ಹೊಸದಾಗಿ ಸೇರಿದವರು ಪಟ್ಟಿಗೆ ಬರಲಿ. ಮಳೆಯ ಡಬ್ಬಿಯನ್ನು ತೊಳೆದು ಒರೆಸಿ ಅಟ್ಟದ ಮೇಲಿಡಿ. ಯಾರ ಮನೆಯ ಅಟ್ಟ ಎಂಬುದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ; ನಮ್ಮ ಊರಿನ ಮೊದಲ ಡಬ್ಬಿ ಮುಂದಿನ ಜೂನ್‌ನಲ್ಲಿ ಸಿಕ್ಕಿದ್ದು ಒಬ್ಬರ ಅಡುಗೆಮನೆಯಲ್ಲಿ, ಒಳಗೆ ಉಪ್ಪಿನಕಾಯಿ ತುಂಬಿತ್ತು.